ಬೋರ್ಡಿನ ಹತ್ತಿರ ನಿಂತವರು

ಬೆಳಿಗ್ಗೆ ಏಳೂವರೆಗೆ ನಮ್ಮ ಮನೆಯಲ್ಲಿ ದಿನಾ ಕೇಳಿಬರುವ ಮಾತು, "ಯಾವುದಮ್ಮಾ ಇದು?"

ಕೇಳುವವರು ನಮ್ಮಪ್ಪ. ಪಾರ್ಶ್ವವಾಯು ಆದಮೇಲೆ ಅವರನ್ನು ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಗೇ ಕರೆದುಕೊಂಡು ಬಂದೆ. ಈಗ ಎರಡು ವರ್ಷ. ಇಡ್ಲಿ ತಿನ್ನಿಸಿ, ಬಾಯಿ ಒರೆಸಿ, ಬಿಸಿನೀರಿನ ಲೋಟ ಪಕ್ಕಕ್ಕಿಟ್ಟು ಮಾತ್ರೆಯ ಡಬ್ಬಿ ತೆಗೆದರೆ ಅವರು ದಿಂಬಿನ ಅಡಿಯಿಂದ ಭೂತಕನ್ನಡಿ ತೆಗೆಯುತ್ತಾರೆ. ಬಲಗೈ ನಡುಗುವುದರಿಂದ ಕನ್ನಡಿ ಎಡಗೈಯಲ್ಲಿ. ನಾನು ಸ್ಟ್ರಿಪ್ಪಿನ ಬೆನ್ನನ್ನು ಕನ್ನಡಿಯ ಕೆಳಗೆ ಹಿಡಿಯುತ್ತೇನೆ.

"ಬಿಪಿದು ಅಪ್ಪಾ."

ಅವರು ಅಕ್ಷರ ಅಕ್ಷರವಾಗಿ ಓದುತ್ತಾರೆ. "ಇದು?"

"ರಕ್ತ ತೆಳು ಮಾಡೋದು. ನಿನ್ನೆ ಕೊಟ್ಟಿದ್ದೇ."

ಅದನ್ನೂ ಓದುತ್ತಾರೆ. ಓದಿ ಮುಗಿದಮೇಲೆ ನನ್ನ ಮುಖ ನೋಡಿ ಬಾಯಿ ತೆರೆಯುತ್ತಾರೆ. ನಾಲ್ಕು ಮಾತ್ರೆಗೆ ಹದಿನೈದು ನಿಮಿಷ ಬೇಕು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಎಷ್ಟೋ ಸಲ ಉಕ್ಕಿದೆ. ಭದ್ರಾವತಿಯ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು, ಲೇಬಲ್ ಓದದೆ ಸೀಸೆ ಮುಟ್ಟಿದವರಲ್ಲ, ಅದೇ ಅಭ್ಯಾಸ ಉಳಿದುಕೊಂಡಿದೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತೇನೆ. ಬಂದವರು ನಗುತ್ತಾರೆ. ನಾನೂ ನಗುತ್ತೇನೆ.

ಆ ದಿನವೂ ಹಾಗೇ ಆಯಿತು. ಯಜಮಾನರು ಸವಳಂಗ ರಸ್ತೆಯ ಅಂಗಡಿ ತೆರೆಯಲು ಹೋದರು. ನಾನು ಕೆನೆಬಣ್ಣದ ಕಾಟನ್ ಸೀರೆಗೆ ಇಸ್ತ್ರಿ ಹಾಕುತ್ತಿದ್ದಾಗ ಪಕ್ಕದ ಮನೆಯ ಗಿರಿಜಕ್ಕ ಕರಿಬೇವು ಕೇಳಿಕೊಂಡು ಬಂದರು.

"ಎಲ್ಲಿಗೇ ಮಾರಾಯ್ತಿ, ಬೆಳಗ್ಗೇನೇ ಇಸ್ತ್ರಿ?"

"ಭದ್ರಾವತಿಗೆ ಗಿರಿಜಕ್ಕ. ನಮ್ಮ ಟೀಚರ್ ಹೋಗಿ ಹತ್ತು ದಿನ ಆಯ್ತಲ್ಲ. ಸ್ಕೂಲಲ್ಲಿ ಇವತ್ತು ಸಭೆ ಇಟ್ಟಿದ್ದಾರೆ. ನಾನೂ ನಾಲ್ಕು ಮಾತು ಆಡಬೇಕಂತೆ."

"ಪಾಪ. ತುಂಬಾ ಹಚ್ಕೊಂಡಿದ್ಯೇನೋ ಅವರನ್ನ."

"ಇಲ್ಲ" ಅಂದೆ. ಗಿರಿಜಕ್ಕ ನನ್ನ ಬೆನ್ನು ಸವರಿದರು. ದುಃಖಕ್ಕೆ ಹಾಗಂದೆ ಎಂದುಕೊಂಡರೇನೋ.

ಮಧ್ಯಾಹ್ನ ಎರಡಕ್ಕೆ ಅಪ್ಪನಿಗೆ ಒಂದು ಮಾತ್ರೆ ಇದೆ. ಅದನ್ನು ನಾನಲ್ಲದೆ ಬೇರೆ ಯಾರೂ ಕೊಟ್ಟಿದ್ದಿಲ್ಲ. ಯಜಮಾನರು ಎಂದೂ ಆ ಡಬ್ಬಿ ಮುಟ್ಟಿದವರಲ್ಲ. ಗಿರಿಜಕ್ಕನನ್ನು ಒಳಗೆ ಕರೆದು ಸ್ಟ್ರಿಪ್ ತೋರಿಸಿದೆ. "ಅವರು ಕೇಳ್ತಾರೆ ಗಿರಿಜಕ್ಕ, ಯಾವುದು ಅಂತ. ಬೇಜಾರು ಮಾಡ್ಕೋಬೇಡಿ. ಸ್ಟ್ರಿಪ್ ಹಿಂಗೆ ಹಿಡೀರಿ, ಕನ್ನಡಿ ದಿಂಬಿನ ಕೆಳಗಿರುತ್ತೆ." ಅದೂ ಸಾಲದು ಅನ್ನಿಸಿ, ಮಾತ್ರೆಯ ಹೆಸರನ್ನು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಲೋಟದ ಕೆಳಗಿಟ್ಟೆ.

"ಆಯ್ತು ಕಣೇ, ನಾನೇನು ಮಾತ್ರೆ ಕಾಣ್ದೋಳಾ? ಹೋಗ್ಬಾ" ಅಂದರು.

*

ನನಗೆ ಟೀಚರನ್ನು ಕಂಡರೆ ಆಗುತ್ತಿರಲಿಲ್ಲ. ತೀರಿಕೊಂಡವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ನಮ್ಮ ಶಾಲೆಯ ಸಿಸ್ಟರ್‌ಗಳು ಕಲಿಸಿದ್ದಾರೆ. ಸುಳ್ಳು ಬರೆಯಬಾರದು ಅಂತಲೂ ಅವರೇ ಕಲಿಸಿದ್ದು. ಎರಡನ್ನೂ ಒಟ್ಟಿಗೆ ನಡೆಸುವುದು ಇವತ್ತು ನನ್ನಿಂದ ಆಗುವುದಿಲ್ಲ. ಎರಡನೆಯದನ್ನು ಇಟ್ಟುಕೊಳ್ಳುತ್ತೇನೆ.

ಅವರು ಶಿವಮೊಗ್ಗದ ದುರ್ಗಿಗುಡಿಯಿಂದ ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಬರುತ್ತಿದ್ದರು. ಗಂಜಿ ಹಾಕಿದ ಸೀರೆ. ಭುಜದ ಸೆರಗಿಗೆ ಒಂದು ಪಿನ್ನು, ಆ ಪಿನ್ನಿಗೆ ಇನ್ನೆರಡು ಪಿನ್ನು ನೇತಾಡುತ್ತಿದ್ದವು. ಹಣೆಯ ವಿಭೂತಿ ಮೂರನೇ ಪೀರಿಯಡ್ಡಿನ ಹೊತ್ತಿಗೆ ಅರ್ಧ ಅಳಿಸಿರುತ್ತಿತ್ತು. ವಾಚಿನ ಮುಖ ಮಣಿಕಟ್ಟಿನ ಒಳಭಾಗಕ್ಕೆ. ಹುಡುಗಿ ಮಾತಾಡುತ್ತಿರುವಾಗ ಅವರು ಅಂಗೈ ತಿರುಗಿಸಿ ನೋಡಿದರೆ, ಏನೋ ಬೇಡಿದ ಹಾಗೆ ಕಾಣುತ್ತಿತ್ತು. ಬೇಡುತ್ತಿದ್ದದ್ದೇನೂ ಇಲ್ಲ. ಟೈಮು ನೋಡುತ್ತಿದ್ದರು.

ವಾರಕ್ಕೊಮ್ಮೆ ಕ್ರೈಸ್ತ ಹುಡುಗಿಯರು ಚಾಪೆಲ್ ಪಕ್ಕದ ಕೋಣೆಗೆ ಧರ್ಮಪಾಠಕ್ಕೆ ಹೋಗುತ್ತಿದ್ದರು. ಉಳಿದ ನಮಗೆ ಮಾರಲ್ ಸೈನ್ಸ್. ಆ ಪುಸ್ತಕದಲ್ಲಿ ಇದ್ದದ್ದು ಸಿಕ್ಕ ಪರ್ಸನ್ನು ಹಿಂತಿರುಗಿಸಿದ ಹುಡುಗನ ಕಥೆ, ಕುರುಡ ಮುದುಕನಿಗೆ ರಸ್ತೆ ದಾಟಿಸಿದ ಹುಡುಗಿಯ ಕಥೆ. ಟೀಚರ್ ಹತ್ತನೇ ಕ್ಲಾಸಿಗೆ ಬಂದ ಮೊದಲ ದಿನವೇ ಪುಸ್ತಕ ಮುಚ್ಚಿ ಮೇಜಿನ ಡ್ರಾಯರಿಗೆ ಹಾಕಿದರು. "ಪರ್ಸು ಸಿಕ್ಕಿದ್ರೆ ಏನು ಮಾಡ್ಬೇಕು ಅಂತ ನಿಮಗೆಲ್ಲ ಗೊತ್ತಿದೆ. ಗೊತ್ತಿಲ್ಲದ್ದನ್ನ ಮಾತಾಡೋಣ."

ಅವರ ಕ್ರಮ ಹೀಗೆ. ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆಯುವುದು. ಹೌದು ಅನ್ನುವವರು ಬಾಗಿಲ ಗೋಡೆಗೆ, ಇಲ್ಲ ಅನ್ನುವವರು ಕಿಟಕಿ ಗೋಡೆಗೆ. ನಡುವೆ ನಿಲ್ಲುವ ಹಾಗಿಲ್ಲ. ಎಲ್ಲರೂ ನಿಂತಾದಮೇಲೆ ಟೀಚರ್ ಚಪ್ಪಾಳೆ ತಟ್ಟಿ "ಬದಲಾಯಿಸಿ" ಅನ್ನುತ್ತಿದ್ದರು. ಬಾಗಿಲಿನವರು ಕಿಟಕಿಗೆ, ಕಿಟಕಿಯವರು ಬಾಗಿಲಿಗೆ. ಇನ್ನು ನಾವು ವಾದ ಮಾಡಬೇಕಾದದ್ದು ನಮ್ಮ ಮನಸ್ಸಿನಲ್ಲಿ ಇಲ್ಲದ ಪಕ್ಷಕ್ಕೆ. ಹೊಸ ಚಾಕ್ ಒಂದನ್ನು ಲಟಕ್ಕನೆ ಮುರಿದು ಅರ್ಧವನ್ನು ಮಾತಾಡುವವಳ ಕೈಗೆ ಕೊಡುತ್ತಿದ್ದರು. ಚಾಕ್ ಹಿಡಿದವಳು ಮಾತ್ರ ಮಾತಾಡಬೇಕು. ಪೀರಿಯಡ್ ಮುಗಿಯುವ ಹೊತ್ತಿಗೆ ಬೆವರಿದ ಅಂಗೈಗಳೆಲ್ಲ ಬಿಳಿ ಬಿಳಿ.

ಯಾರಾದರೂ "ಟೀಚರ್, ನನಗನ್ನಿಸೋದು..." ಅಂತ ಶುರುಮಾಡಿದರೆ ಅವರು ತಕ್ಷಣ ತಡೆಯುತ್ತಿದ್ದರು. "ನಿನಗೆ ಅನ್ನಿಸೋದು ನಿಮ್ಮನೇಲಿಟ್ಕೋ. ವಾದ ಹೇಳು."

ಒಂದು ವಾರ ಬೋರ್ಡಿನ ಮೇಲೆ ಬರೆದರು: ಗರ್ಭಪಾತ ಸರಿಯೇ?

ಹುಡುಗಿಯರ ಶಾಲೆ. ಆ ಪದವನ್ನು ನಾವು ಬಾಯಿಬಿಟ್ಟು ಅಂದಿರಲಿಲ್ಲ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತು, ಕ್ರೋಟನ್ ಕುಂಡದ ಮಣ್ಣು ಒಣಗಿದೆಯೇ ಅಂತ ಬೆರಳಲ್ಲಿ ಮುಟ್ಟಿ ನೋಡುತ್ತಾ ಇದ್ದರು. ತುಂಬಾ ಹೊತ್ತು ನೋಡಿದರು. ಒಳಗೆ ಬರಲಿಲ್ಲ.

ನಸೀಮಾ ಕಿಟಕಿ ಗೋಡೆಗೆ ನಿಂತಿದ್ದಳು, ಅಂದರೆ ಬದಲಾಯಿಸಿದಮೇಲೆ ಬಾಗಿಲ ಗೋಡೆಗೆ ಬಂದಳು. ಅವಳ ಅಪ್ಪ ಮೆಕ್ಯಾನಿಕ್. ನನ್ನ ಜೊತೆ ಒಂದೇ ಬೆಂಚು. ಚಾಕ್ ಕೈಗೆ ಬರುತ್ತಲೇ ಅಂದಳು, "ಟೀಚರ್, ನಮ್ಮ ಅಮ್ಮಿಗೆ ಆರು ಮಕ್ಕಳು. ನಾನು ಐದನೇದು. ಸರಿ ಅಂತ ವಾದ ಮಾಡಿ ಗೆದ್ರೆ ನಾನೇ ಇರಲ್ಲ, ಪ್ರೈಜ್ ಯಾರಿಗೆ ಕೊಡ್ತೀರಿ?"

ಇಡೀ ಕ್ಲಾಸು ನಕ್ಕಿತು. ಕಾರಿಡಾರಿನ ಸಿಸ್ಟರ್ ಕೂಡ ನಕ್ಕರು. ಟೀಚರ್ ನಗಲಿಲ್ಲ. "ನೀನು ಹುಟ್ಟಿರೋದು ವಾದ ಅಲ್ಲ. ಮುಂದೆ?"

ಮುಂದಿನವಳು ಹಿಂದಿನ ಬೆಂಚಿನ ಹುಡುಗಿ. ಅವಳ ಹೆಸರು ಇಲ್ಲಿ ಬೇಡ. ಇಡೀ ವರ್ಷದಲ್ಲಿ ಅವಳ ದನಿ ಕೇಳಿದ್ದು ಹಾಜರಿ ಕೂಗಿದಾಗ ಮಾತ್ರ. ಚಾಕ್ ಹಿಡಿದು ಸುಮ್ಮನೆ ನಿಂತಳು. ಟೀಚರ್ ಅಂಗೈ ತಿರುಗಿಸಿ ವಾಚು ನೋಡಿದರು. ಕೂತುಕೋ ಅನ್ನಲಿಲ್ಲ. ಐದು ನಿಮಿಷ ಹೋಗಿರಬೇಕು. ಅವಳ ಕೈಯಲ್ಲಿ ಚಾಕ್ ಪುಡಿಯಾಗಿ ಲಂಗದ ಮೇಲೆ ಉದುರುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು, "ಟೀಚರ್, ಹೊಟ್ಟೇಲಿರೋದು ಹೆಣ್ಣು ಅಂತ ಗೊತ್ತಾಗಿ, ಅಕ್ಕನ್ನ ಒಂದ್ ಮಾತೂ ಕೇಳದೆ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬಿಟ್ರೆ? ಆಗ ಅದು ಯಾವ ಗೋಡೆ?"

ಅವಳ ಅಕ್ಕನನ್ನು ಆ ವರ್ಷವೇ ಮದುವೆ ಮಾಡಿ ಕೊಟ್ಟಿದ್ದು ನಮಗೆಲ್ಲ ಗೊತ್ತಿತ್ತು. ಊಟಕ್ಕೆ ಹೋಗಿ ಹೋಳಿಗೆ ತಿಂದು ಬಂದಿದ್ದೆವು.

ಟೀಚರ್ ತಿರುಗಿ ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದರು. ಕೆಳಗೆ ಎರಡು ಗೆರೆ ಎಳೆದರು. "ಒಳ್ಳೆ ಪ್ರಶ್ನೆ" ಅಂದರು. "ಎಲ್ಲರೂ ನೋಟ್ಸಲ್ಲಿ ಬರ್ಕೊಳ್ಳಿ. ಈಗ ಎದುರು ಪಕ್ಷ."

ಆ ಹುಡುಗಿ ಕೂತಳು. ಒಳ್ಳೆ ಪ್ರಶ್ನೆ ಅನ್ನಿಸಿಕೊಂಡವಳ ಮುಖ ಹೇಗಿತ್ತು ಅಂತ ನಾನು ನೋಡಿದ್ದೇನೆ. ಟೀಚರ್ ನೋಡಲಿಲ್ಲ. ಅವರು ಗೆರೆ ನೇರ ಬಂದಿದೆಯೇ ಅಂತ ಬೋರ್ಡನ್ನೇ ನೋಡುತ್ತಿದ್ದರು.

*

ಇನ್ನು ನನ್ನ ವಿಷಯ.

ಆ ವರ್ಷ ನಮ್ಮ ಅಜ್ಜಿ, ಅಪ್ಪನ ಅಮ್ಮ, ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಮನೆಯ ನಡುಮನೆಯಲ್ಲಿ ಮಲಗಿದ್ದರು. ಬಾಯಿಯ ಕ್ಯಾನ್ಸರ್. ದವಡೆ ತೂತಾಗಿತ್ತು. ಕುಡಿಸಿದ ಗಂಜಿ ಕೆನ್ನೆಯಿಂದ ಹೊರಗೆ ಬರುತ್ತಿತ್ತು. ಇರುವೆ ಹತ್ತಬಾರದು ಅಂತ ಮಂಚದ ನಾಲ್ಕು ಕಾಲನ್ನೂ ನೀರು ತುಂಬಿದ ಹಾಲಿನಪುಡಿ ಡಬ್ಬಿಯಲ್ಲಿ ಇಟ್ಟಿದ್ದೆವು. ಆದರೂ ಹತ್ತುತ್ತಿದ್ದವು. ಸಾಯಂಕಾಲ ಅಪ್ಪ ಬಂದು ಪಕ್ಕದಲ್ಲಿ ಕೂತರೆ ಅಜ್ಜಿ ಅವರ ಅಂಗಿ ಹಿಡಿದುಕೊಂಡು ಅದೊಂದೇ ಮಾತು ಹೇಳುತ್ತಿದ್ದರು. "ಕಳಿಸ್ಬಿಡೋ ಮಗಾ. ನನ್ನ ಕಳಿಸ್ಬಿಡೋ." ಬಾಯಿ ಹಾಗಿದ್ದರೂ ಆ ಮಾತು ಮಾತ್ರ ಸ್ಪಷ್ಟ. ಅಪ್ಪ ಮೆಲ್ಲಗೆ ಬೆರಳು ಬಿಡಿಸಿಕೊಂಡು ಹೊರಗೆ ಹೋಗಿ ಸೈಕಲ್ ತೊಳೆಯುತ್ತಿದ್ದರು. ನಿನ್ನೆ ತೊಳೆದ ಸೈಕಲ್ಲು. ಮೊನ್ನೆಯೂ ತೊಳೆದದ್ದು.

ಆ ವಾರ ಟೀಚರ್ ಬೋರ್ಡಿನ ಮೇಲೆ ಬರೆದದ್ದು: ದಯಾಮರಣ ಸರಿಯೇ?

ನಾನು ಎದ್ದು ಕಿಟಕಿ ಗೋಡೆಗೆ ನಿಂತೆ. ಕೂಡದು ಅನ್ನುವವರ ಜೊತೆ.

ಅದು ಸುಳ್ಳು. ಬಾಗಿಲ ಗೋಡೆಗೆ ನಿಲ್ಲಬೇಕಾದವಳು ನಾನು. ಅಜ್ಜಿಯನ್ನು ಯಾರಾದರೂ ಕಳಿಸಿಬಿಡಲಿ ಅಂತ ದಿನಾ ಶಾಲೆಯ ಚಾಪೆಲ್ ಮುಂದೆ ದಾಟುವಾಗ ಬೇಡಿಕೊಳ್ಳುತ್ತಿದ್ದೆ. ಆದರೆ ಬಾಗಿಲ ಗೋಡೆಗೆ ನಿಂತರೆ ಟೀಚರ್ ಬದಲಾಯಿಸಿಬಿಡುತ್ತಾರೆ, ಆಮೇಲೆ ಕೂಡದು ಅಂತ ಮಾತಾಡಬೇಕು. ನನಗೆ ಒಂದು ಸಲ, ಒಂದೇ ಸಲ, ಬಾಯಿಬಿಟ್ಟು ಹೇಳಬೇಕಿತ್ತು. ಟೀಚರ್ ಹೇಳಿಸಿದ್ದು ಅಂತ ಆಮೇಲೆ ಅನ್ನಬಹುದಲ್ಲ.

ಚಾಕ್ ಹಿಡಿದು ಹೇಳಿದೆ. ಹೆಸರು ಹೇಳಲಿಲ್ಲ. ಒಬ್ಬ ಮುದುಕಿ ಅಂದೆ. ಮಂಚದ ಕಾಲಿನ ಡಬ್ಬಿ, ಕೆನ್ನೆಯಿಂದ ಬರುವ ಗಂಜಿ, ತೊಳೆದ ಸೈಕಲನ್ನೇ ತೊಳೆಯುವ ಮಗ, ಎಲ್ಲ ಹೇಳಿದೆ. "ಕಳಿಸು ಅಂತ ಬೇಡುವವಳನ್ನು ಹಿಡಿದಿಟ್ಟುಕೊಳ್ಳುವುದು ಪ್ರೀತಿ ಅಂತ ನೀವು ಹೇಳ್ತೀರಿ. ಆ ಮಗನಿಗೆ ಇರುವುದು ಪ್ರೀತಿಯಲ್ಲ, ಹೆದರಿಕೆ" ಅಂದೆ. ನಸೀಮಾ ಬಾಯಿಗೆ ಕೈ ಇಟ್ಟುಕೊಂಡಿದ್ದು ಕಂಡಿತು. ಅವಳು ನಮ್ಮ ಮನೆಗೆ ಬಂದು ಹೋಗುವವಳು.

ಪೀರಿಯಡ್ ಮುಗಿದಮೇಲೆ ಟೀಚರ್ ನನ್ನನ್ನು ನಿಲ್ಲಿಸಿಕೊಂಡರು. ಎಲ್ಲರೂ ಹೋಗುವ ತನಕ ಡಸ್ಟರಿನಿಂದ ಬೋರ್ಡು ಒರೆಸಿದರು. ಆಮೇಲೆ ತಿರುಗದೇ ಅಂದರು, "ಇದು ಎದುರು ವಾದ ಅಲ್ಲ. ನಿಂದೇ."

ಬೈಯುತ್ತಾರೆ ಅಂದುಕೊಂಡೆ. ಅಥವಾ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಕೇಳುತ್ತಾರೆ, ಕೇಳಿದರೆ ಅತ್ತುಬಿಡಬೇಕು ಅಂತಿದ್ದೆ.

"ಪೇರೆಂಟ್ಸ್ ಡೇಗೆ ಚರ್ಚಾಸ್ಪರ್ಧೆ ಇದೆ. ಇದನ್ನೇ ಮಾತಾಡು" ಅಂದರು. "ಕನ್ನಡದಲ್ಲಿ ಮಾತಾಡು. ಪಾಲಕರಿಗೂ ತಿಳೀಲಿ."

ನಾನು ಆಗುವುದಿಲ್ಲ ಅನ್ನಬಹುದಿತ್ತು. ಹದಿನೈದು ವರ್ಷದ ಹುಡುಗಿ, ಎಲ್ಲರೆದುರು ಚೆನ್ನಾಗಿ ಮಾತಾಡುತ್ತಾಳೆ ಅನ್ನಿಸಿಕೊಳ್ಳುವ ಆಸೆ. ಅಪ್ಪನಿಗೆ ಆ ದಿನ ಎರಡನೇ ಶಿಫ್ಟು, ಬರುವುದಿಲ್ಲ ಅಂತ ಬೇರೆ ಅಮ್ಮ ಹೇಳಿದ್ದರು. ನನ್ನ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಟೀಚರಿಗೆ ಗೊತ್ತಿತ್ತು. ಗೊತ್ತಿದ್ದೂ ಸ್ಟೇಜ್ ಹತ್ತಿಸಿದರು. ಇದಕ್ಕೆ ನಾನು ಎಷ್ಟು ವರ್ಷ ಹುಡುಕಿದರೂ ಇನ್ನೊಂದು ಅರ್ಥ ಸಿಕ್ಕಿಲ್ಲ: ಅವರಿಗೆ ಒಂದು ಒಳ್ಳೆಯ ಭಾಷಣ ಸಿಕ್ಕಿತ್ತು, ಅದು ಎಲ್ಲಿಂದ ಬಂತು ಅನ್ನುವುದು ಅವರಿಗೆ ಬೇಕಾಗಿರಲಿಲ್ಲ.

ಅಪ್ಪ ಶಿಫ್ಟು ಬದಲಾಯಿಸಿಕೊಂಡು ಬಂದಿದ್ದರು. ಮಗಳು ಸ್ಟೇಜ್ ಮೇಲೆ ಮಾತಾಡುತ್ತಾಳೆ ಅಂತ. ಅದು ನನಗೆ ತಿಳಿದದ್ದು ಸೈಕಲ್ಲಿನ ಮಾತಿಗೆ ಬಂದಾಗ. ಮೂರನೇ ಸಾಲಿನಲ್ಲಿ ಕೂತಿದ್ದರು. ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಅಷ್ಟರಲ್ಲಿ ಮಾತು ಬಾಯಿಂದ ಹೊರಟಾಗಿತ್ತು. "ಪ್ರೀತಿಯಲ್ಲ, ಹೆದರಿಕೆ" ಅನ್ನುವುದಕ್ಕೆ ಬಂದ ಚಪ್ಪಾಳೆಯ ಸದ್ದಿನಲ್ಲಿ ಅಪ್ಪ ಕೂಡ ಎರಡು ಸಲ ಕೈ ತಟ್ಟಿದರು. ಪಕ್ಕದವರು ತಟ್ಟುತ್ತಿದ್ದರಲ್ಲ, ಅದಕ್ಕೆ.

ಮೊದಲ ಬಹುಮಾನ ಒಂದು ಸ್ಟೀಲ್ ಟಿಫನ್ ಡಬ್ಬಿ. ಮನೆಗೆ ಬರುವಾಗ ಅಪ್ಪ ಸೈಕಲ್ ತಳ್ಳಿಕೊಂಡು ನಡೆದರು, ಹತ್ತಿಕೋ ಅಂತ ಹೇಳಲಿಲ್ಲ. ಕ್ವಾರ್ಟರ್ಸಿನ ಗೇಟಿನ ಹತ್ತಿರ ನಾನೇ ಅಂದೆ, "ಅಪ್ಪಾ, ಅದು ನಮ್ಮ ಟೀಚರ್ ಹೇಳಿಸಿದ್ದು. ಎದುರು ಪಕ್ಷ. ನಾನು ಹಂಗೆ ಅಂದ್ಕೊಂಡಿಲ್ಲ."

ಅವರು ಸ್ವಲ್ಪ ದೂರ ನಡೆದು ಕೇಳಿದರು. "ಸೈಕಲ್ ವಿಷಯಾನೂ ಟೀಚರೇ ಹೇಳ್ಕೊಟ್ರಾ?"

ಅದಕ್ಕೆ ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಒಂಬತ್ತು ದಿನಕ್ಕೆ ಅಜ್ಜಿ ಹೋದರು. ಅಮ್ಮ ರೇಷನ್ ಅಂಗಡಿಯ ಸಾಲಿನಲ್ಲಿದ್ದರು. ಮನೆಯಲ್ಲಿ ಇದ್ದದ್ದು ನಾನೊಬ್ಬಳು. ಗಂಜಿ ಕುಡಿಸಿ, ನೋವಿನ ಮಾತ್ರೆ ಒಂದನ್ನು ಚಮಚದಲ್ಲಿ ಅರೆದು ಕೊಟ್ಟೆ. ಅರ್ಧ ಗಂಟೆಯ ಮೇಲೆ ನೋಡಿದರೆ ಉಸಿರಿಲ್ಲ. ಅಪ್ಪ ಬಂದವರು ಮೊದಲು ಅಜ್ಜಿಯ ಮುಖ ನೋಡಿದರು. ಆಮೇಲೆ ಚಮಚ ನೋಡಿದರು.

"ಏನು ಕೊಟ್ಟೆ?"

"ಗಂಜಿ. ಆಮೇಲೆ ಆ ಮಾತ್ರೆ."

"ಎಷ್ಟು?"

"ಒಂದು, ಅಪ್ಪಾ."

ಅವರು ಮಾತ್ರೆಯ ಸೀಸೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಲೇಬಲ್ ಓದಿದರು. ಒಳಗಿದ್ದದ್ದನ್ನು ಅಂಗೈಗೆ ಸುರಿದು ಎಣಿಸಿದರು. ಮತ್ತೆ ಸೀಸೆಗೆ ತುಂಬಿ ಮುಚ್ಚಳ ತಿರುಗಿಸಿದರು. ಕೊಟ್ಟದ್ದು ಒಂದೇ. ಎಷ್ಟು ಉಳಿದಿರಬೇಕಿತ್ತು ಅನ್ನುವ ಲೆಕ್ಕ ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯದು. ಮತ್ತೆ ಕೇಳಿದ್ದಿದ್ದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನ ಮದುವೆಯಲ್ಲಿ ಧಾರೆ ಎರೆಯುವಾಗ ಅತ್ತರು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು, ಅಮ್ಮ ಹೋದಾಗ ನನ್ನ ಹೆಗಲ ಮೇಲೆ ತಲೆ ಇಟ್ಟರು. ಆ ಒಂದು ಮಾತು ಮಾತ್ರ ನಮ್ಮಿಬ್ಬರ ನಡುವೆ ಹಾಗೇ ಕೂತಿದೆ.

*

ಮೂರು ವರ್ಷದ ಹಿಂದೆ ದುರ್ಗಿಗುಡಿಯ ಒಂದು ಮೆಡಿಕಲ್ ಶಾಪಿನ ಮುಂದೆ ಟೀಚರ್ ಸಿಕ್ಕಿದರು. ಕೂದಲು ಬೆಳ್ಳಗಾಗಿತ್ತು. ವಾಚು ಅದೇ ಒಳಮುಖ. ಗುರುತು ಹಿಡಿದರು. ಹೆಸರು ನೆನಪಿರಲಿಲ್ಲ. "ನೀನು ಕಿಟಕಿ ಗೋಡೆ ಅಲ್ವಾ? ಸೈಕಲ್ ಭಾಷಣ" ಅಂದರು.

ಅಷ್ಟು ವರ್ಷ ಒಳಗೆ ಇಟ್ಟುಕೊಂಡದ್ದು ಅಂಗಡಿಯ ಮೆಟ್ಟಿಲ ಮೇಲೆ ಬಂದುಬಿಟ್ಟಿತು. ನಾನು ಯಾರ ಹತ್ತಿರವೂ ದನಿ ಏರಿಸುವವಳಲ್ಲ. ಅವತ್ತೂ ಏರಿಸಲಿಲ್ಲ. "ಅದು ನನ್ನದೇ ಮಾತು ಅಂತ ನಿಮಗೆ ಗೊತ್ತಿತ್ತಲ್ಲ ಟೀಚರ್? ಮತ್ತೆ ಯಾಕೆ ಸ್ಟೇಜ್ ಹತ್ತಿಸಿದ್ರಿ?"

"ಗೊತ್ತಿತ್ತು. ಅದಕ್ಕೇ ಹತ್ತಿಸಿದ್ದು" ಅಂದರು. "ಬಾಯಿಪಾಠ ಒಪ್ಪಿಸೋರು ಇಪ್ಪತ್ತು ಜನ ಇದ್ರು. ನಿಜ ಹೇಳೋಳು ನೀನೊಬ್ಬಳೇ."

"ನಮ್ಮಪ್ಪ ಮುಂದೇನೇ ಕೂತಿದ್ರು."

"ಹೌದಾ?" ಅವರು ನಿಜಕ್ಕೂ ಹೊಸ ವಿಷಯ ಕೇಳಿದ ಹಾಗೆ ಕಣ್ಣು ಕಿರಿದು ಮಾಡಿದರು. "ನಿಮ್ಮ ಮನೇದೇ ವಿಷಯ ಇರ್ಬೋದು ಅಂದ್ಕೊಂಡೆ. ಅವರು ಬರ್ತಾರೆ ಅಂತ ಯೋಚನೆ ಮಾಡ್ಲಿಲ್ಲ."

"ನಿಮ್ಮ ಗೋಡೆ ಯಾವುದು ಟೀಚರ್? ಒಂದ್ ದಿನಾನಾದ್ರೂ ಹೇಳಿದ್ರಾ?"

"ನಾನು ಬೋರ್ಡಿನ ಹತ್ರ ಇದ್ದೆನಲ್ಲ" ಅಂದರು. ತಮಾಷೆ ಮಾಡುತ್ತಿರಲಿಲ್ಲ. ಪಾಠ ಮಾಡುವವರು ನಿಲ್ಲುವ ಜಾಗ ಅದು, ಅಷ್ಟೇ, ಅನ್ನುವ ಹಾಗೆ.

ಬೋರ್ಡಿನ ಹತ್ತಿರ ನಿಂತವರಿಗೆ ಎರಡೂ ಗೋಡೆ ಚೆನ್ನಾಗಿ ಕಾಣಿಸುತ್ತವೆ. ಅಲ್ಲಿಗೆ ಯಾವ ಮನೆಯ ವಾಸನೆಯೂ ಬರುವುದಿಲ್ಲ, ಯಾವ ಅಕ್ಕನ ಅಳುವೂ ಕೇಳುವುದಿಲ್ಲ. ನಾನು ತಿರುಗಿ ಹೊರಟಾಗ ಅವರು ಕರೆದರು. "ಇದ್ದಾರಾ ನಿಮ್ಮಪ್ಪ?"

"ಇದ್ದಾರೆ."

"ಅದು ನಿನ್ನದೇ ಮಾತು ಅಂತ ಅವರಿಗೆ ನಿಜ ಹೇಳಿದ್ಯಾ?"

ನಾನು ಮೆಟ್ಟಿಲು ಇಳಿಯತೊಡಗಿದೆ. "ಹೇಳ್ಬಿಡು" ಅಂದರು, ಹೋಂವರ್ಕ್ ಕೊಟ್ಟ ಹಾಗೆ, ಅಂಗೈ ತಿರುಗಿಸಿ ವಾಚು ನೋಡಿಕೊಂಡು. ಅದೇ ಕೊನೆ.

*

ಸಭೆಗೆ ಐವತ್ತು ಅರವತ್ತು ಜನ ಬಂದಿದ್ದರು. ಮೇಜಿನ ಮೇಲೆ ಸೇವಂತಿಗೆ ಹಾರ ಹಾಕಿದ ಫೋಟೋ. ಈಗಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನ ಮಗಳ ವಯಸ್ಸಿನವರು. ಮಾತಾಡಿದವರೆಲ್ಲ ಒಂದೇ ರಾಗ. ಯೋಚನೆ ಮಾಡೋದು ಕಲಿಸಿದರು, ಧೈರ್ಯ ಕಲಿಸಿದರು. ಒಬ್ಬಳು ವಕೀಲೆ, ತಾನು ಕೋರ್ಟಿನಲ್ಲಿ ನಿಲ್ಲುವುದೇ ಆ ಚಾಕಿನ ದೆಸೆಯಿಂದ ಅಂದಳು. ಅವಳ ಮಟ್ಟಿಗೆ ಅದು ನಿಜವಿರಬಹುದು. ಹಿಂದಿನ ಬೆಂಚಿನ ಹುಡುಗಿ ಬಂದಿರಲಿಲ್ಲ. ಅವಳು ನಮ್ಮ ವಾಟ್ಸಾಪ್ ಗ್ರೂಪಿನಲ್ಲೂ ಇಲ್ಲ. ಎಲ್ಲಿದ್ದಾಳೆ ಅಂತ ಯಾರಿಗೂ ತಿಳಿಯದು, ಅವಳ ಪ್ರಶ್ನೆಯನ್ನು ಮಾತ್ರ ಇಬ್ಬರು ಮೈಕಿನಲ್ಲಿ ನೆನಪಿಸಿಕೊಂಡರು. ಒಳ್ಳೆಯ ಪ್ರಶ್ನೆ ಅಂದರು.

ನಸೀಮಾ ನನ್ನ ಪಕ್ಕ ಕೂತಿದ್ದಳು. ಗಂಡನ ಜೊತೆ ಬೈಕ್ ಸ್ಪೇರ್‌ಪಾರ್ಟ್ಸ್ ಅಂಗಡಿ ನಡೆಸುತ್ತಾಳೆ, ಬೆರಳಿನ ಉಗುರಲ್ಲಿ ಗ್ರೀಸು. ನನ್ನ ಹೆಸರನ್ನು ಪಟ್ಟಿಗೆ ಸೇರಿಸಿದವಳೂ ಅವಳೇ. "ಹೋಗೇ, ಮಾತಾಡು. ನಮ್ಮ ಬ್ಯಾಚಲ್ಲಿ ಬಾಯಿ ಇದ್ದದ್ದು ನಿನಗೊಬ್ಬಳಿಗೇ."

"ನಸೀಮಾ, ನನಗೆ ಒಳ್ಳೇದು ಹೇಳಕ್ಕೆ ಬರಲ್ಲ ಕಣೇ."

"ಕೆಟ್ಟದ್ದೇ ಹೇಳು. ಸತ್ತೋರು ಎದ್ದು ಬಂದು ಮಾರ್ಕ್ಸ್ ಕಟ್ ಮಾಡ್ತಾರಾ?"

ಮೈಕಿನ ಮುಂದೆ ನಿಂತಾಗ ಅದೇ ಸ್ಟೇಜು ಅನ್ನುವುದು ಗಮನಕ್ಕೆ ಬಂತು. ಮೂರನೇ ಸಾಲಿನಲ್ಲಿ ಯಾರೋ ಫೋನ್ ನೋಡುತ್ತಿದ್ದರು. ನಾನು ಹೇಳಿದೆ, "ಟೀಚರದ್ದು ಒಂದು ನಿಯಮ ಇತ್ತು. ನಮ್ಮ ಮನಸ್ಸಿನಲ್ಲಿ ಇಲ್ಲದ್ದನ್ನೇ ಮಾತಾಡಬೇಕು ಅಂತ. ಇವತ್ತು ಅವರ ನಿಯಮದ ಪ್ರಕಾರವೇ ನಾಲ್ಕು ಮಾತಾಡುತ್ತೇನೆ." ಹಳೆಯ ವಿದ್ಯಾರ್ಥಿನಿಯರು ನಕ್ಕರು. ಆಮೇಲೆ ನಾನು ಟೀಚರನ್ನು ಹೊಗಳಿದೆ. ಅವರ ಕರುಣೆ, ಮಕ್ಕಳ ಮನಸ್ಸು ಅರಿಯುವ ಗುಣ, ಕೇಳಿಸಿಕೊಳ್ಳುವ ತಾಳ್ಮೆ. ಒಂದನ್ನೂ ಬಿಡಲಿಲ್ಲ. ಜೋರು ಚಪ್ಪಾಳೆ ಬಿತ್ತು. ಸಿಸ್ಟರ್ ಕಣ್ಣೊರೆಸಿಕೊಂಡರು.

ವಾಪಸು ಬಂದು ಕೂತಾಗ ನಸೀಮಾ ಕಿವಿಯಲ್ಲಿ ಅಂದಳು, "ಸರಿಯಾಗಿ ಬೈದೆ ಬಿಡು."

ಟೀ ಕುಡಿಯುವಾಗ ಅವಳು ಕೇಳಿದಳು, "ಅಬ್ಬಾಜಾನ್ ಹೇಗಿದ್ದಾರೆ?" ನಮ್ಮಪ್ಪನನ್ನು ಅವಳು ಚಿಕ್ಕಂದಿನಿಂದ ಹಾಗೇ ಕರೆಯುವುದು. ಮಾತ್ರೆ, ಭೂತಕನ್ನಡಿ, ಪ್ರಯೋಗಾಲಯದ ಅಭ್ಯಾಸ ಎಲ್ಲ ಹೇಳಿದೆ, ದಿನಾ ಹೇಳುವ ಹಾಗೆ, ನಗುತ್ತಾ. ನಸೀಮಾ ನಗಲಿಲ್ಲ. ಪೇಪರ್ ಕಪ್ಪಿನ ಅಂಚನ್ನು ಉಗುರಲ್ಲಿ ಕೀಳುತ್ತಾ, "ಎಲ್ಲರನ್ನೂ ಕೇಳ್ತಾರಾ?" ಅಂದಳು.

"ಕೇಳ್ತಾರೆ ಕಣೇ. ಲ್ಯಾಬಿನವರು."

"ಹಾಂ, ಹಂಗಾದ್ರೆ ಸರಿ."

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಟೀಚರ್ ದಿನಾ ಓಡಾಡಿದ ದಾರಿ. ಎಷ್ಟು ಸಿಟ್ಟಿದ್ದರೂ ಅವರು ಕೊಟ್ಟ ಆ ಕೊನೆಯ ಹೋಂವರ್ಕನ್ನು ಮಾಡಬೇಕು ಅನ್ನಿಸಿತು. ಅವರಿಗೋಸ್ಕರ ಅಲ್ಲ. ಅಪ್ಪನಿಗೆ ಎಂಬತ್ತು ದಾಟಿದೆ. ಇವತ್ತು ಹೇಳಬೇಕು. ಅಪ್ಪಾ, ಆ ಮಾತು ನನ್ನದೇ. ಟೀಚರದ್ದಲ್ಲ. ಅಜ್ಜಿಯ ನೋವು ನೋಡಲಾರದೆ ಹಾಗಂದೆ, ನಿಮ್ಮನ್ನು ನೋಯಿಸಿದೆ. ಆದರೆ ಮಾತ್ರೆ ಒಂದೇ ಅಪ್ಪಾ. ಒಂದೇ ಕೊಟ್ಟದ್ದು. ಶಿವಮೊಗ್ಗ ಬರುವ ತನಕ ಅದನ್ನೇ ಒಳಗೊಳಗೆ ಒಪ್ಪಿಸುತ್ತಾ ಬಂದೆ. ಎರಡು ಸಲ ಕಂಡಕ್ಟರ್ "ಏನಮ್ಮಾ?" ಅಂತ ತಿರುಗಿ ನೋಡಿದ.

ಮನೆಗೆ ಬಂದಾಗ ಆರೂವರೆ. ಗಿರಿಜಕ್ಕ ತಮ್ಮ ಕಾಂಪೌಂಡಿನಲ್ಲಿ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದರು. ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡಿದ್ದರು. ನಾನು ಗೇಟಿನ ಚಿಲಕ ತೆಗೆಯುತ್ತಾ ಕೇಳಿದೆ, "ಗಿರಿಜಕ್ಕ, ಮಾತ್ರೆ ತಗೊಂಡ್ರಾ? ತುಂಬಾ ಕಾಡಿದ್ರೇನೋ ನಿಮಗೆ, ಅದು ಯಾವುದು ಇದು ಯಾವುದು ಅಂತ."

ಅವರು ಕ್ಲಿಪ್ಪನ್ನು ಬಾಯಿಂದ ತೆಗೆದು ತಂತಿಗೆ ಸಿಕ್ಕಿಸಿದರು.

"ಅಯ್ಯೋ ಇಲ್ಲಪ್ಪ, ಏನೂ ಕೇಳ್ಲೇ ಇಲ್ಲ. ಸ್ಟ್ರಿಪ್ ತೋರಿಸಕ್ಕೆ ಹೋದ್ರೆ 'ಅದೆಲ್ಲ ಯಾಕಮ್ಮಾ, ಕೊಡಿ' ಅಂತ ಬಾಯಿ ತೆಗೆದ್ರು. ಕನ್ನಡಿ ದಿಂಬಿನ ಕೆಳಗೇ ಇತ್ತು. ಎಷ್ಟು ಸುಲಭದ ಮನುಷ್ಯರು ಕಣೇ ನಿಮ್ಮಪ್ಪ, ನೀನು ಸುಮ್ನೆ ಹೆದರಿಸಿದ್ದೆ ನನ್ನ."